ಒಂದು ಕೋನವನ್ನೂ ಹೇಳದ ತ್ರಿಭುಜ

ತ್ರಿಭುಜದ ಕೋನ ಕಂಡುಹಿಡಿಯುವ ಲೆಕ್ಕದಲ್ಲಿ ಸಮೀಕರಣ ಬಿಡಿಸುವುದು ಕಷ್ಟವಲ್ಲ. ಯಾವ ಕೋನವನ್ನು ಅವ್ಯಕ್ತ ಎಂದು ಇಟ್ಟುಕೊಳ್ಳುತ್ತೇವೆ ಎಂಬುದರಲ್ಲೇ ಅರ್ಧ ಲೆಕ್ಕ ಮುಗಿದಿರುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ ನಾನು ಮೊದಲು ಕಲಿಸುವುದು ಈ ಆಯ್ಕೆಯನ್ನು. ಎರಡನೆಯ ಕೋನ ಮೊದಲನೆಯದರ ಎರಡರಷ್ಟು, ಮೂರನೆಯದು ಮೊದಲನೆಯದಕ್ಕಿಂತ 20 ಡಿಗ್ರಿ ಹೆಚ್ಚು ಎಂದಿದ್ದರೆ, ಉಳಿದೆರಡೂ ಯಾವುದನ್ನು ಆಶ್ರಯಿಸಿವೆಯೋ ಆ ಮೊದಲನೆಯದೇ ‘ಯ’. (ಭಾಸ್ಕರಾಚಾರ್ಯರು ಅವ್ಯಕ್ತವನ್ನು ‘ಯಾವತ್-ತಾವತ್’ ಎಂದು ಕರೆದು ‘ಯಾ’ ಎಂದು ಬರೆಯುತ್ತಿದ್ದರು. ಈ ಅಕ್ಷರದ ಮೇಲೆ ನನಗೆ ಅದಕ್ಕೇ ಮೋಹ.) ಆಗ 4ಯ + 20 = 180, ಯ = 40; ಕೋನಗಳು 40, 80, 60. ಎರಡನೆಯದನ್ನು ‘ಯ’ ಎಂದುಕೊಂಡರೂ ಉತ್ತರ ಅದೇ, ಆದರೆ ದಾರಿಯುದ್ದಕ್ಕೂ ಭಿನ್ನರಾಶಿ ಕಾಲಿಗೆ ತೊಡರುತ್ತದೆ.

ಇಂಥವು ಕೈ ಪಳಗಲು ಸಾಕು. ನನಗೆ ಪ್ರಿಯವಾದ ಲೆಕ್ಕದಲ್ಲಿ ಒಂದು ಕೋನದ ಅಳತೆಯನ್ನೂ ಕೊಟ್ಟಿರುವುದಿಲ್ಲ. ಕಖಗ ತ್ರಿಭುಜದಲ್ಲಿ ಕಖ = ಕಗ. ಕಗ ಬಾಹುವಿನ ಮೇಲೆ ಘ ಎಂಬ ಬಿಂದು; ಕಘ = ಖಘ = ಖಗ. ಕ ಕೋನವೆಷ್ಟು? ಕೋನಮಾಪಕ ಹುಡುಕುವವರಿಗೆ ಅದನ್ನು ಚೀಲದಲ್ಲೇ ಇಡಲು ಹೇಳುತ್ತೇನೆ. ಕ ಕೋನ ಯ ಆಗಿರಲಿ. ಕಘ = ಖಘ ಆದ್ದರಿಂದ ಕಖಘ ಕೋನವೂ ಯ. ಹೊರಕೋನ ಖಘಗ ಈ ಎರಡರ ಮೊತ್ತ, 2ಯ. ಖಘ = ಖಗ ಆದ್ದರಿಂದ ಗ ಕೋನವೂ 2ಯ. ಕಖ = ಕಗ ಆದ್ದರಿಂದ ಇಡೀ ಖ ಕೋನವೂ 2ಯ. ಒಟ್ಟು 5ಯ = 180, ಯ = 36. ಪ್ರತಿ ಹೆಜ್ಜೆಯ ಪಕ್ಕದಲ್ಲಿ ಯಾವ ಬಾಹುಗಳು ಸಮ ಎಂದು ಬರೆಸುತ್ತೇನೆ. ಬರೆಸದಿದ್ದರೆ, ಕಣ್ಣಿಗೆ ಸಮ ಕಂಡ ಕೋನಗಳನ್ನೆಲ್ಲ ಮಕ್ಕಳು ಸಮ ಎಂದುಬಿಡುತ್ತಾರೆ. ಸಮ ಪಂಚಭುಜದ ಒಂದು ಬಾಹು, ಎರಡು ಕರ್ಣ ಸೇರಿದರೆ ಆಗುವುದು ಇದೇ 36, 72, 72ರ ತ್ರಿಭುಜ. ಯೂಕ್ಲಿಡ್ ಪಂಚಭುಜವನ್ನು ರಚಿಸಿದ್ದು ಇದರಿಂದಲೇ.

ಚುರುಕಾದವರಿಗೆ ಮುಂದಿನದು: ಮತ್ತೆ ಕಖ = ಕಗ ಆಗಿರುವ ಸಮದ್ವಿಬಾಹು ತ್ರಿಭುಜ, ಆದರೆ ಈ ಸಲ ಘ ಇರುವುದು ಕಖ ಮೇಲೆ, ಚ ಇರುವುದು ಕಗ ಮೇಲೆ; ಖಗ = ಗಘ = ಘಚ = ಚಕ. ಕೋನಗಳು ಯ, 2ಯ, 3ಯ ಎಂದು ಏರುತ್ತಾ 7ಯ = 180ಕ್ಕೆ ಬಂದು ನಿಲ್ಲುತ್ತವೆ. ಬೀಜಗಣಿತ ಒಂದೇ ಸಾಲಿನಲ್ಲಿ ಕೊಟ್ಟ ಈ ಕೋನವನ್ನು ಗುರುತುಗಳಿಲ್ಲದ ಪಟ್ಟಿ ಮತ್ತು ಕೈವಾರದಿಂದ ನಿಖರವಾಗಿ ರಚಿಸಲು ಸಾಧ್ಯವೇ ಇಲ್ಲ. 1837ರಲ್ಲಿ ಫ್ರೆಂಚ್ ಗಣಿತಜ್ಞ ಪಿಯರ್ ವಾಂಟ್‌ಜೆಲ್ ಪ್ರಕಟಿಸಿದ ಗಣಿತದ ಸಾಧನೆಯಿಂದ (ಪುರಾವೆಯಿಂದ) ಇದು ತಿಳಿಯುತ್ತದೆ. ಚಿತ್ರ ಬೇಕೇ ಬೇಕು ಎನ್ನುವವರಿಗೆ ಆಗ ಮಾತ್ರ ಕೋನಮಾಪಕ ತೆಗೆಯಲು ಬಿಡುತ್ತೇನೆ, 25.7 ಡಿಗ್ರಿಯ ಅಂದಾಜಿಗೆ.