ಸಿನಿಮಾ ಡೈನೋಸಾರನ್ನು ಬದಿಗಿಟ್ಟು ಮ್ಯೂಸಿಯಂನ ಮೂಳೆ ಓದುವ ಬಗೆ

ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಗೆ ‘ನೈಟ್ ಅಟ್ ದ ಮ್ಯೂಸಿಯಂ’ ನೋಡಿ ಹೋದವರಿಗೆ ಬಾಗಿಲಲ್ಲೇ ಒಂದು ನಿರಾಸೆ ಕಾದಿರುತ್ತದೆ. 2006ರ ಆ ಚಿತ್ರದಲ್ಲಿ ಮುಂದಿನ ಹಜಾರದಲ್ಲೇ ಟೀ ರೆಕ್ಸ್, ಅಂದರೆ ಟೈರನೊಸಾರಸ್ ರೆಕ್ಸ್ ಎಂಬ ಬೇಟೆಗಾರ ಡೈನೋಸಾರ್‌ನ ಅಸ್ಥಿಪಂಜರ ನಿಂತಿದೆ. ನಿಜವಾದ ಹಜಾರದಲ್ಲಿರುವುದು ಹಿಂಗಾಲ ಮೇಲೆ ಎದ್ದ ಬಾರೊಸಾರಸ್ ಎಂಬ ಉದ್ದ ಕತ್ತಿನ ಸಸ್ಯಾಹಾರಿ, ಅದರ ಮರಿ, ಎದುರಿಗೆ ಅಲೋಸಾರಸ್ ಎಂಬ ಒಂದು ಮಾಂಸಾಹಾರಿ. ಟೀ ರೆಕ್ಸ್ ಬೇಕಿದ್ದರೆ ನಾಲ್ಕನೇ ಮಹಡಿಗೆ ಹತ್ತಬೇಕು. ಚಿತ್ರದ ಒಳಾಂಗಣವನ್ನು ಕೆನಡಾದ ವ್ಯಾಂಕೂವರ್ ಕಡೆ ಸೆಟ್ ಹಾಕಿ ಚಿತ್ರಿಸಿದ್ದರು.

ಸಿನಿಮಾದ್ದು ಸುಳ್ಳು, ಮ್ಯೂಸಿಯಂನದ್ದು ನಿಜ ಎಂದು ಇಷ್ಟಕ್ಕೇ ತೀರ್ಮಾನಿಸಬೇಡಿ. ಹಜಾರದ ಬಾರೊಸಾರಸ್ ಕೂಡ ಮೂಳೆಯಲ್ಲ, ಮೂಳೆಯ ಅಚ್ಚಿನಿಂದ ಎರೆದ ಪ್ರತಿ. ಅಸಲು ಮೂಳೆಯ ಭಾರವನ್ನು ಅಷ್ಟೆತ್ತರಕ್ಕೆ ನಿಲ್ಲಿಸಲಾಗುವುದಿಲ್ಲ. ಆ ಪ್ರಾಣಿ ಹಾಗೆ ಎದ್ದು ನಿಲ್ಲುತ್ತಿತ್ತೇ ಎಂಬುದರಲ್ಲೂ ಒಮ್ಮತವಿಲ್ಲ. ಮ್ಯೂಸಿಯಂನ ಅಸ್ಥಿಪಂಜರವೂ ಯಾರೋ ಕಟ್ಟಿ ನಿಲ್ಲಿಸಿದ ವಸ್ತುವೇ. ಅದರಲ್ಲಿ ನೆಲದಿಂದ ಬಂದದ್ದೆಷ್ಟು, ಕಟ್ಟಿದವರ ಊಹೆ ಎಷ್ಟು ಎಂದು ಬೇರ್ಪಡಿಸಿ ನೋಡುವ ಕ್ರಮ ಇಲ್ಲಿದೆ.

ಹೊರಡುವ ಹಿಂದಿನ ದಿನ

1993ರ ‘ಜುರಾಸಿಕ್ ಪಾರ್ಕ್’ ಇಡೀ ನೋಡಬೇಕಿಲ್ಲ. ಮೂರು ಕಡೆ ನಿಲ್ಲಿಸಿ: ಅಡುಗೆಮನೆಯಲ್ಲಿ ಮಕ್ಕಳನ್ನು ಹುಡುಕುವ ರಾಪ್ಟರ್‌ಗಳ ಕೈ, ಜೀಪನ್ನು ಅಟ್ಟಿಸಿಕೊಂಡು ಬರುವ ಟೀ ರೆಕ್ಸ್‌ನ ಬಾಲ, ಅದೇ ಟೀ ರೆಕ್ಸ್‌ನ ಮುಖ ಎದುರಿನಿಂದ. ಮೂರನ್ನೂ ಒಂದು ಹಾಳೆಯಲ್ಲಿ ಒರಟಾಗಿ ಬರೆದುಕೊಳ್ಳಿ. ಚಿತ್ರ ಚೆನ್ನಾಗಿರಬೇಕಿಲ್ಲ. ಅಂಗೈ ಯಾವ ಕಡೆಗಿದೆ, ಬಾಲ ನೆಲದಿಂದ ಎಷ್ಟು ಮೇಲಿದೆ, ಕಣ್ಣು ಎಲ್ಲಿದೆ ಎಂಬುದು ತಿಳಿದರೆ ಸಾಕು. ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದುಕೊಂಡು ಹೋದರೆ ಈ ಕೆಲಸ ಆಗುವುದಿಲ್ಲ, ಏಕೆಂದರೆ ಬರೆಯುವಾಗ ಮಾತ್ರ ಕಣ್ಣು ಕೀಲುಗಳ ಮೇಲೆ ನಿಲ್ಲುತ್ತದೆ.

ಇದೇ ಹಾಳೆಯ ಮೂಲೆಯಲ್ಲಿ ಕಾಲವನ್ನೂ ಗುರುತು ಹಾಕಿ. ಜುರಾಸಿಕ್ ಎಂದರೆ ಸುಮಾರು 20 ಕೋಟಿ ವರ್ಷದಿಂದ 14.5 ಕೋಟಿ ವರ್ಷದ ಹಿಂದಿನವರೆಗೆ, ಕ್ರಿಟೇಶಿಯಸ್ ಅಲ್ಲಿಂದ 6.6 ಕೋಟಿವರೆಗೆ. ಚಿತ್ರದ ಹೆಸರೇನೋ ಜುರಾಸಿಕ್, ಆದರೆ ಅದರ ಟೀ ರೆಕ್ಸ್, ವೆಲೋಸಿರಾಪ್ಟರ್, ಟ್ರೈಸೆರಾಟಾಪ್ಸ್ ಮೂರೂ ಕ್ರಿಟೇಶಿಯಸ್‌ನವು. ಬೆನ್ನ ಮೇಲೆ ಫಲಕ ಹೊತ್ತ ಸ್ಟೆಗೊಸಾರಸ್ 15 ಕೋಟಿ ವರ್ಷದ ಹಿಂದಿನದು. ಅದಕ್ಕೂ ಟೀ ರೆಕ್ಸ್‌ಗೂ ನಡುವಿನ ಅಂತರ, ಟೀ ರೆಕ್ಸ್‌ಗೂ ನಮಗೂ ಇರುವ ಅಂತರಕ್ಕಿಂತ ಹೆಚ್ಚು. ಇವೆರಡೂ ಕಾದಾಡುವ ದೃಶ್ಯ ಯಾವ ಚಿತ್ರದಲ್ಲಿ ಕಂಡರೂ ನಗಬಹುದು.

ಮೊದಲು ಲೇಬಲ್, ಆಮೇಲೆ ತಲೆ ಎತ್ತಿ

ದೊಡ್ಡ ಅಸ್ಥಿಪಂಜರ ಕಂಡ ಕೂಡಲೇ ತಲೆ ತಾನಾಗಿ ಮೇಲಕ್ಕೆ ಹೋಗುತ್ತದೆ. ಎರಡು ನಿಮಿಷ ತಡೆದು ಲೇಬಲ್ ಓದಿ. ಅದರಲ್ಲಿ ಮೂರು ಸಂಗತಿ ಹುಡುಕಬೇಕು.

ಒಂದು, ನಮೂನೆಯ ಸಂಖ್ಯೆ. ನ್ಯೂಯಾರ್ಕಿನ ಟೀ ರೆಕ್ಸ್ ‘ಎಎಂಎನ್‌ಎಚ್ 5027’, ಶಿಕಾಗೊ ಫೀಲ್ಡ್ ಮ್ಯೂಸಿಯಂನ ‘ಸೂ’ ಎಂಬ ಟೀ ರೆಕ್ಸ್ ‘ಎಫ್‌ಎಂಎನ್‌ಎಚ್ ಪಿಆರ್ 2081’. ಈ ಸಂಖ್ಯೆ ಇದ್ದರೆ ಅದು ನೆಲದಿಂದ ತೆಗೆದ ಒಂದು ನಿರ್ದಿಷ್ಟ ಪ್ರಾಣಿ, ಅದರ ಬಗ್ಗೆ ಬರೆದದ್ದನ್ನೆಲ್ಲ ಹುಡುಕಿ ತೆಗೆಯಬಹುದು.

ಎರಡು, ‘ಕಾಸ್ಟ್’ ಅಥವಾ ‘ರೆಪ್ಲಿಕಾ’ ಎಂಬ ಪದ. ಈ ಪದ ಕಂಡ ತಕ್ಷಣ ‘ಅಯ್ಯೋ, ಡೂಪ್ಲಿಕೇಟ್’ ಎಂದು ಮುಂದೆ ಹೋಗುವುದು ಎಲ್ಲರೂ ಮಾಡುವ ತಪ್ಪು. ಕಾಸ್ಟ್ ಕಲ್ಪನೆಯ ಬೊಂಬೆಯಲ್ಲ. ಅಸಲು ಮೂಳೆಯ ಮೇಲಿನ ಗೀರು, ಮಾಂಸಖಂಡ ಅಂಟಿದ ಒರಟು ಜಾಗ ಎಲ್ಲವೂ ಅದರಲ್ಲಿ ಮೂಡಿರುತ್ತವೆ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ‘ಡಿಪ್ಪಿ’ಯನ್ನು ಜನ ನೂರಕ್ಕೂ ಹೆಚ್ಚು ವರ್ಷ ಮೆಚ್ಚಿ ನೋಡಿದರು. 1905ರಲ್ಲಿ ಅಮೆರಿಕದ ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿ ಕೊಟ್ಟ ಆ ಡಿಪ್ಲೊಡೊಕಸ್ ಪೂರ್ತಿ ಪ್ಲಾಸ್ಟರ್ ಕಾಸ್ಟ್.

ಮೂರು, ‘ಕಾಂಪೊಸಿಟ್’. ನಿಜವಾಗಿ ಎಚ್ಚರ ಬೇಕಾದ ಪದ ಇದು. ಹಲವು ಪ್ರಾಣಿಗಳ ಮೂಳೆ ಸೇರಿಸಿ ಒಂದು ದೇಹ ಕಟ್ಟಿದ್ದಾರೆ ಎಂದರ್ಥ. ಕೆಟ್ಟ ಕೆಲಸವೇನಲ್ಲ, ಬೇರೆ ದಾರಿ ಇಲ್ಲದಾಗ ಮಾಡುವಂಥದ್ದು. ಆದರೆ ತಪ್ಪು ನುಸುಳುವುದು ಇಲ್ಲೇ. ನ್ಯೂಯಾರ್ಕಿನಲ್ಲಿ 1905ರಲ್ಲಿ ಬ್ರಾಂಟೊಸಾರಸ್ ಹೆಸರಿನಲ್ಲಿ ನಿಲ್ಲಿಸಿದ ಅಸ್ಥಿಪಂಜರಕ್ಕೆ ತಲೆ ಸಿಕ್ಕಿರಲಿಲ್ಲ. ಊಹಿಸಿ ಕೂರಿಸಿದ ತಲೆ 1990ರ ದಶಕದವರೆಗೂ ಅದರ ಮೇಲಿತ್ತು. 1938ರ ‘ಬ್ರಿಂಗಿಂಗ್ ಅಪ್ ಬೇಬಿ’ ಎಂಬ ಹಾಸ್ಯಚಿತ್ರದಲ್ಲಿ ಮ್ಯೂಸಿಯಂನ ವಿಜ್ಞಾನಿಯೊಬ್ಬ ಬ್ರಾಂಟೊಸಾರಸ್ ಪೂರ್ತಿಗೊಳಿಸಲು ಒಂದೇ ಒಂದು ಮೂಳೆಗಾಗಿ ಒದ್ದಾಡುತ್ತಾನೆ. ಅವನು ಹುಡುಕುವ ‘ಇಂಟರ್‌ಕಾಸ್ಟಲ್ ಕ್ಲಾವಿಕಲ್’ ಎಂಬ ಮೂಳೆ ಯಾವ ಪ್ರಾಣಿಯಲ್ಲೂ ಇಲ್ಲ!

ಲೇಬಲ್ ಏನೂ ಹೇಳದಿದ್ದರೆ ಕಬ್ಬಿಣ ನೋಡಿ. ಅಸಲು ಮೂಳೆಗೆ ತೂತು ಕೊರೆಯಲು ಈಗ ಯಾರೂ ಒಪ್ಪುವುದಿಲ್ಲ. ಹಾಗಾಗಿ ಉಕ್ಕಿನ ಸರಳು ಮೂಳೆಯ ಹೊರಗೆ, ಕೆಳಗಿನಿಂದ ಹಾದುಹೋಗಿರುತ್ತದೆ. ಉಂಗುರದ ಹರಳನ್ನು ಹಿಡಿದಂತೆ ಸಣ್ಣ ಹಿಡಿಕೆಗಳು ಒಂದೊಂದು ಮೂಳೆಯನ್ನೂ ಹಿಡಿದಿರುತ್ತವೆ. ಸರಳು ಕಾಣಿಸದೆ ಬೆನ್ನುಮೂಳೆ ತಾನೇ ತೇಲಿದಂತಿದ್ದರೆ ಅದು ಬಹುತೇಕ ಕಾಸ್ಟ್, ಉಕ್ಕು ಒಳಗಿದೆ. ಹಳೆಯ ಕಟ್ಟೋಣದಲ್ಲಿ ಮಾತ್ರ ಈ ಪರೀಕ್ಷೆ ಕೈಕೊಡುತ್ತದೆ, ನೂರು ವರ್ಷದ ಹಿಂದೆ ಅಸಲು ಮೂಳೆಯನ್ನೂ ಕೊರೆದದ್ದುಂಟು. ಆಗ ಬಣ್ಣ ನೋಡಿ. ಪಳೆಯುಳಿಕೆ ಮಣ್ಣಿನ ಖನಿಜ ಹೀರಿ ಒಂದೇ ಮೂಳೆಯಲ್ಲಿ ಕಪ್ಪು, ಕಂದು, ಕೆಂಪು ಛಾಯೆ ತೋರಿಸುತ್ತದೆ. ಪ್ಲಾಸ್ಟರ್ ತುಂಬಿದ ಕಡೆ ಬಣ್ಣ ಚಪ್ಪಟೆ. ಎಡ ಬಲ ಎರಡೂ ಕನ್ನಡಿಯಲ್ಲಿ ಕಂಡಂತೆ ಸರಿಸಮ ಇದ್ದರೂ ಸಂಶಯಪಡಿ. ಕೋಟಿ ವರ್ಷ ಬಂಡೆಯಡಿ ಬಿದ್ದ ಮೂಳೆ ಎಲ್ಲಾದರೂ ಒಂದು ಕಡೆ ಜಜ್ಜಿರುತ್ತದೆ.

ತಲೆಯನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಸೂ ಅಸ್ಥಿಪಂಜರದಲ್ಲಿ ಪರಿಮಾಣದ ಲೆಕ್ಕದಲ್ಲಿ ಶೇ 90ರಷ್ಟು ಅಸಲು ಮೂಳೆ ಇದೆ, ತಲೆ ಮಾತ್ರ ಪ್ರತಿ. ಸುಮಾರು 270 ಕಿಲೊ ತೂಗುವ ಅಸಲು ಬುರುಡೆ ಬೇರೆ ಗಾಜಿನ ಪೆಟ್ಟಿಗೆಯಲ್ಲಿದೆ. ನ್ಯೂಯಾರ್ಕಿನಲ್ಲೂ ಹಾಗೆಯೇ. ಮೇಲಿರುವ ಹಗುರ ತಲೆಯ ಫೋಟೊ ತೆಗೆದು, ಕೈಯಳತೆಯಲ್ಲಿದ್ದ ಅಸಲನ್ನು ಬಿಟ್ಟು ಬರುವವರೇ ಹೆಚ್ಚು.

ಸೊಂಟ, ಬಾಲ, ಕೈ

ಇದು ಡೈನೋಸಾರ್ ಹೌದೋ ಅಲ್ಲವೋ ಎಂದು ತಿಳಿಯಲು ಸೊಂಟದ ಪಕ್ಕ ನಿಲ್ಲಿ. ತೊಡೆಯ ಮೂಳೆ ಕೂರುವ ಜಾಗ ನಮ್ಮಲ್ಲಿ ತಳವಿರುವ ಬಟ್ಟಲಿನಂತಿದೆ. ಡೈನೋಸಾರ್‌ನಲ್ಲಿ ಅದಕ್ಕೆ ತಳವಿಲ್ಲ, ಆರಪಾರ ತೂತು. ಕಾಲು ದೇಹದ ಕೆಳಗೆ ನೇರ ಕಂಬದಂತೆ ನಿಲ್ಲುವುದಕ್ಕೂ ಇದಕ್ಕೂ ಸಂಬಂಧವಿದೆ. ಕವಚ ಹೊತ್ತ ಆಂಕಿಲೊಸಾರಸ್ ಬಳಗದಲ್ಲಿ ಮಾತ್ರ ಈ ತೂತು ಮತ್ತೆ ಮುಚ್ಚಿಕೊಂಡಿದೆ, ಅಲ್ಲಿ ಮೋಸ ಹೋಗಬೇಡಿ. ಬೆನ್ನ ಮೇಲೆ ಹಾಯಿ ಹೊತ್ತ ಡೈಮೆಟ್ರೊಡಾನ್ ಆಟಿಕೆ ಡಬ್ಬಿಯಲ್ಲಿ ಡೈನೋಸಾರ್ ಜೊತೆ ಬರುತ್ತದೆ, ಆದರೆ ಅದರ ನಂಟು ನಮ್ಮಂಥ ಸಸ್ತನಿಗಳ ಕಡೆಗೆ. 2015ರ ‘ಜುರಾಸಿಕ್ ವರ್ಲ್ಡ್’ನಲ್ಲಿ ಕೊಳದಿಂದ ಚಿಮ್ಮುವ ಮೊಸಾಸಾರಸ್ ಉಡ, ಹಾವುಗಳ ಬಳಗ. ಹಾರುವ ಟೆರನೊಡಾನ್ ಕೂಡ ಡೈನೋಸಾರ್ ಅಲ್ಲ. ಅದರ ಹೆಸರಿನ ಅರ್ಥವೇ ‘ಹಲ್ಲಿಲ್ಲದ ರೆಕ್ಕೆ’, ಆದರೂ 2001ರ ಮೂರನೇ ಜುರಾಸಿಕ್ ಚಿತ್ರ ಅದಕ್ಕೆ ಹಲ್ಲು ಕೊಟ್ಟಿತು.

ಆಮೇಲೆ ಬಾಲ. ಬಾಲದ ಕೆಳಗೆ ಇಂಗ್ಲಿಷಿನ ‘ವಿ’ ಆಕಾರದ ಸಣ್ಣ ಮೂಳೆಗಳ ಸಾಲು ಕಾಣುತ್ತದೆ. ಬಾಲ ನೆಲಕ್ಕೆ ಉಜ್ಜುತ್ತಿದ್ದರೆ ಭಾರವೆಲ್ಲ ಇವುಗಳ ಮೇಲೆ ಬೀಳಬೇಕಿತ್ತು. ಸಿಕ್ಕಿರುವ ಹೆಜ್ಜೆಜಾಡುಗಳಲ್ಲಿ ಬಾಲ ಎಳೆದ ಗುರುತು ಬಲು ಅಪರೂಪ. 1915ರಲ್ಲಿ ನ್ಯೂಯಾರ್ಕಿನ ಟೀ ರೆಕ್ಸ್ 5027ನ್ನು ನಿಲ್ಲಿಸಿದವರು ಬಾಲ ನೆಲಕ್ಕೆ ಊರಿ, ಮೈ ನೆಟ್ಟಗೆ ಮಾಡಿದ್ದರು. 1933ರ ‘ಕಿಂಗ್ ಕಾಂಗ್’ ಎದುರು ಬರುವ ಪ್ರಾಣಿ ನಿಂತದ್ದೂ ಅದೇ ಭಂಗಿಯಲ್ಲಿ. ಆಗ ಸಿನಿಮಾದವರು ಮ್ಯೂಸಿಯಂ ನೋಡಿ ಕಲಿಯುತ್ತಿದ್ದರು. ಸ್ವಾರಸ್ಯವೆಂದರೆ, ಮೈಯನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿ ಬಾಲ ಎತ್ತಿ ಓಡುವ ಟೀ ರೆಕ್ಸ್ 1993ರಲ್ಲೇ ತೆರೆಗೆ ಬಂತು. ಹೊಸ ಭಂಗಿಯ 5027 ಇರುವ ನ್ಯೂಯಾರ್ಕಿನ ಸಭಾಂಗಣ ಮತ್ತೆ ತೆರೆದದ್ದು 1995ರಲ್ಲಿ. ಡಿಪ್ಪಿಯ ಬಾಲ ಮೇಲೆದ್ದದ್ದೂ 1993ರಲ್ಲಿ.

ಕೈಯಲ್ಲಿ ಸಿನಿಮಾ ಸೋಲುತ್ತದೆ. ನಿಮ್ಮ ಹಾಳೆ ತೆಗೆಯಿರಿ. ರಾಪ್ಟರ್ ಅಂಗೈ ನೆಲ ನೋಡುತ್ತಿದೆ, ಪಿಯಾನೊ ನುಡಿಸುವವರ ಹಾಗೆ. ಗಾಜಿನ ಹಿಂದಿನ ಮಣಿಕಟ್ಟು ನೋಡಿ: ಮುಂಗೈಯ ಎರಡು ಮೂಳೆ ಒಂದರ ಮೇಲೊಂದು ಹೊರಳಲು ಜಾಗವಿಲ್ಲ. ಅಂಗೈಗಳು ಚಪ್ಪಾಳೆಗೆ ಸಿದ್ಧವಾದಂತೆ ಎದುರುಬದುರು ಇರಬೇಕು. ಅಂಗೈ ಕೆಳಮುಖವಾಗಿಸಿದ ಅಸ್ಥಿಪಂಜರ ಮ್ಯೂಸಿಯಂನಲ್ಲೇ ಕಂಡರೆ, ಅದನ್ನು ಕಟ್ಟಿ ಬಹಳ ಕಾಲವಾಗಿದೆ ಎಂದುಕೊಳ್ಳಿ. ಬೆರಳನ್ನೂ ಎಣಿಸಿ. ಟೀ ರೆಕ್ಸ್‌ಗೆ ಎರಡೇ.

ಮುಖಕ್ಕೆ ಒಂದೇ ಪರೀಕ್ಷೆ ಸಾಕು. ಅಲುಗಾಡದಿದ್ದರೆ ಟೀ ರೆಕ್ಸ್‌ಗೆ ಕಾಣುವುದಿಲ್ಲ ಎಂದು ಚಿತ್ರ ಹೇಳುತ್ತದೆ. ಬುರುಡೆಯ ನೇರ ಎದುರಿಗೆ ನಿಲ್ಲಿ. ಮೂತಿ ಕಿರಿದು, ಹಿಂದಲೆ ಅಗಲ. ಎರಡು ಕಣ್ಣಿನ ಕುಳಿಯೂ ನಿಮ್ಮನ್ನೇ ನೋಡುತ್ತವೆ. ಅಲೋಸಾರಸ್ ಎದುರು ನಿಂತರೆ ಹಾಗಾಗುವುದಿಲ್ಲ, ಅದರ ಕುಳಿಗಳು ಪಕ್ಕಕ್ಕಿವೆ. ದೂರವನ್ನು ಅಳೆದು ಬೇಟೆಯಾಡುವ ಕಣ್ಣು ಟೀ ರೆಕ್ಸ್‌ನದು. ಎದುರು ಮರದಂತೆ ನಿಂತರೆ ಬದುಕುಳಿಯುವ ಭರವಸೆ ಬೇಡ. ಇಷ್ಟುದ್ದ ಹಲ್ಲೇ ಎಂದು ಬೆರಗಾಗುವ ಮುನ್ನ ಇನ್ನೊಂದು ನೋಡಿ: ಸತ್ತ ಮೇಲೆ ಹಲ್ಲು ಕುಳಿಯಿಂದ ಜಾರಿ ಬೇರು ಹೊರಬಂದಿರುತ್ತದೆ. ದಂತಕವಚದ ಹೊಳಪು ನಿಂತ ಕಡೆಯಿಂದಾಚೆಗೆ ಇರುವುದು ಬೇರು.

ಅಳತೆ

ಗಾತ್ರದ ಅಂದಾಜು ಸಿನಿಮಾದಿಂದ ಹೆಚ್ಚು ಕೆಟ್ಟಿದೆ. ಮನೆಯಲ್ಲೇ ಹತ್ತು ಹೆಜ್ಜೆ ನಡೆದು ಟೇಪಿನಲ್ಲಿ ಅಳೆದು, ನಿಮ್ಮ ಒಂದು ಹೆಜ್ಜೆ ಎಷ್ಟು ಎಂದು ತಿಳಿದುಕೊಳ್ಳಿ. ಅಸ್ಥಿಪಂಜರದ ಪಕ್ಕದಲ್ಲಿ ಮೂತಿಯಿಂದ ಬಾಲದ ತುದಿವರೆಗೆ ನಡೆದರೆ ಉದ್ದ ಸಿಗುತ್ತದೆ. ಸೂ 12.3 ಮೀಟರ್, ನಿಮ್ಮ ಲೆಕ್ಕ ಅದಕ್ಕಿಂತ ಕಡಿಮೆ ಬರುವುದು ಸಹಜ. ಲೇಬಲ್‌ನ ಉದ್ದವನ್ನು ಬೆನ್ನುಮೂಳೆಯ ಬಾಗು ಅನುಸರಿಸಿ ಅಳೆದಿರುತ್ತಾರೆ, ನೀವು ನೇರ ಗೆರೆಯಲ್ಲಿ ನಡೆದಿರುತ್ತೀರಿ.

ಎತ್ತರಕ್ಕೆ ತಲೆ ನಂಬಬೇಡಿ, ಕತ್ತಿನ ಭಂಗಿ ಕಟ್ಟಿದವರ ಇಷ್ಟ. ಸೊಂಟದ ಎತ್ತರ ಹಿಡಿಯಿರಿ. ಸೂ ಸೊಂಟ ಸುಮಾರು 4 ಮೀಟರ್. ವೆಲೋಸಿರಾಪ್ಟರ್ ಸೊಂಟ ನಿಮ್ಮ ಮೊಣಕಾಲಿನ ಹತ್ತಿರ. ಬಾಲ ಸೇರಿ 2 ಮೀಟರ್ ಉದ್ದ, ತೂಕ 15ರಿಂದ 20 ಕಿಲೊ. ಚಿತ್ರದ ರಾಪ್ಟರ್‌ಗೆ ಮಾದರಿಯಾದದ್ದು ಅಮೆರಿಕದ ಡೈನೊನಿಕಸ್, ಅದನ್ನೂ ಹಿಗ್ಗಿಸಿದ್ದಾರೆ. ಮೇಲಾಗಿ ವೆಲೋಸಿರಾಪ್ಟರ್‌ನ ಮುಂಗೈ ಮೂಳೆಯ ಮೇಲೆ ಗರಿ ನಾಟಿದ ಗುಬುಟುಗಳ ಸಾಲು ಇರುವುದು 2007ರಲ್ಲಿ ಪ್ರಕಟವಾಯಿತು. ಚಿತ್ರದಲ್ಲಿ ಬೋಳು ಚರ್ಮ. ಡೈಲೊಫೊಸಾರಸ್‌ಗೆ ಇದರ ತಿರುಗುಮುರುಗು: ಸುಮಾರು 6 ಮೀಟರ್ ಮೀರಿದ ಪ್ರಾಣಿಯನ್ನು ಕುಗ್ಗಿಸಿ, ಕತ್ತಿಗೆ ಕೊಡೆ ಕಟ್ಟಿ, ವಿಷ ಉಗುಳಿಸಿದರು. ಕೊಡೆಗಾಗಲಿ ವಿಷಕ್ಕಾಗಲಿ ಮೂಳೆಯಲ್ಲಿ ಸಾಕ್ಷ್ಯವಿಲ್ಲ.

ಫೋಟೊ ತೆಗೆಯುವಾಗ ಫ್ಲಾಶ್ ಆರಿಸಿ, ಫೋನನ್ನು ಗಾಜಿಗೇ ಒತ್ತಿ ಹಿಡಿಯಿರಿ. ಒಂದಡಿ ದೂರದಿಂದ ತೆಗೆದರೆ ಬರುವುದು ನಿಮ್ಮ ಅಂಗಿಯ ಪ್ರತಿಬಿಂಬ. ಮೂಳೆಗೆ ಮೊದಲು ಲೇಬಲ್‌ನದೊಂದು ಫೋಟೊ ಇರಲಿ, ಇಲ್ಲವಾದರೆ ಮನೆಗೆ ಬಂದ ಮೇಲೆ ಎಲ್ಲವೂ ಬರಿ ಪಕ್ಕೆಲುಬು.

ನಮಗೆ ಹತ್ತಿರದವು

ಕರ್ನಾಟಕದ ಬಹುಪಾಲು ನೆಲ ಡೈನೋಸಾರ್‌ಗಳಿಗಿಂತ ಎಷ್ಟೋ ಹಳೆಯ ಬಂಡೆ, ಆದ್ದರಿಂದ ಅಸ್ಥಿಪಂಜರಕ್ಕೆ ಗಡಿ ದಾಟಬೇಕು. ಹತ್ತಿರದ್ದು ಹೈದರಾಬಾದಿನ ಬಿರ್ಲಾ ಸೈನ್ಸ್ ಮ್ಯೂಸಿಯಂನ ಕೋಟಾಸಾರಸ್. ತೆಲಂಗಾಣದ ಯಾಮನ್‌ಪಲ್ಲಿ ಬಳಿ ಹಲವು ಪ್ರಾಣಿಗಳ ಮೂಳೆ ಒಟ್ಟಿಗೆ ಸಿಕ್ಕವು, ಅವುಗಳಿಂದ ಕಟ್ಟಿದ ದೇಹ ಇದು. ಕಾಂಪೊಸಿಟ್ ಎಂದರೇನು ಎಂದು ಕಣ್ಣಾರೆ ಕಾಣಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಕಡೆ ಇಲ್ಲ. ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಾರಾಪಾಸಾರಸ್ ಟಾಗೋರೈ ಇದೆ. ಬಂಗಾಳಿ ಮಾತಿನ ‘ದೊಡ್ಡ ಕಾಲು’, ಜೊತೆಗೆ ರವೀಂದ್ರನಾಥ ಠಾಕೂರರ ಹೆಸರು, 1975ರಲ್ಲಿ ಇಟ್ಟದ್ದು. ಅದು ಸಂಶೋಧನಾ ಸಂಸ್ಥೆ, ಮೊದಲೇ ವಿಚಾರಿಸಿ ಹೋಗಿ. ಗುಜರಾತಿನ ಬಾಲಾಸಿನೋರ್ ಬಳಿಯ ರಯ್ಯೋಲಿಯಲ್ಲಿ ರಾಜಾಸಾರಸ್ ಸಿಕ್ಕಿತು, 2003ರಲ್ಲಿ ಹೆಸರು ಪಡೆಯಿತು. ಸಿಕ್ಕದ್ದು ಬುರುಡೆಯ ಹಿಂಭಾಗ, ಸೊಂಟ, ಬೆನ್ನು, ಕಾಲು, ಬಾಲದ ಭಾಗಗಳಷ್ಟೇ. ಇಡೀ ಮೈಯ ಮಾದರಿ ಎಲ್ಲಿ ಕಂಡರೂ ಉಳಿದದ್ದನ್ನು ಅದರ ಬಳಗದ ಬೇರೆ ಪ್ರಾಣಿಗಳಿಂದ ತುಂಬಿದ್ದಾರೆ ಎಂದು ತಿಳಿಯಿರಿ.

ಹೈದರಾಬಾದಿನಲ್ಲಾಗಲಿ ಕೋಲ್ಕತ್ತದಲ್ಲಾಗಲಿ ಕತ್ತಿನ ತುದಿಯಲ್ಲಿರುವ ತಲೆಯನ್ನು ತುಸು ಹೊತ್ತು ನೋಡಿ. ಎರಡು ಪ್ರಾಣಿಗಳಲ್ಲೂ ಕೆಲವು ಹಲ್ಲು ಬಿಟ್ಟರೆ ಬುರುಡೆ ಸಿಕ್ಕಿಲ್ಲ.