ಬಿಡ್ ಹಾಕಿದವರು ಸುಮ್ಮನಿರಿ, ಪಾರ್ಟ್‌ನರ್ ಹೇಳಲಿ

ತುಮಕೂರಿನ ನಮ್ಮ ಕ್ಲಬ್ಬಿನಲ್ಲಿ ಶನಿವಾರ ಸಂಜೆ ಬ್ರಿಡ್ಜ್ ಇರುತ್ತದೆ. ಎದುರುಬದುರು ಕೂತ ಇಬ್ಬಿಬ್ಬರು ಪಾರ್ಟ್‌ನರ್ ಆಗಿ, ನಾಲ್ಕು ಜನ ಆಡುವ ಇಸ್ಪೀಟಾಟ ಇದು. ಯಾವ ತುರುಪಿನಲ್ಲಿ ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಇಳಿಸುವ ಸುತ್ತು) ಗೆಲ್ಲುತ್ತೇವೆ ಅಂತ ಆಟಕ್ಕೆ ಮೊದಲು ಸರದಿಯಂತೆ ಹೇಳುವುದೇ ಬಿಡ್. ಕೆಲವು ಬಿಡ್‌ಗೆ ಪಾರ್ಟ್‌ನರ್‌ಗಳು ತಮ್ಮದೇ ಅರ್ಥ ಒಪ್ಪಿಕೊಂಡಿರುತ್ತಾರೆ. ಹೊಸದಾಗಿ ಬರುವವರಲ್ಲಿ ಕೆಲವರು ಇಪ್ಪತ್ತೆಂಟು ಆಡಿ ಪಳಗಿದವರು. ಆ ಆಟದಲ್ಲಿ ತುರುಪಿನ ಎಲೆಯನ್ನು ಮಗುಚಿ ಇಡುತ್ತಾರೆ, ಗುಟ್ಟು ಬಿಡುವುದಿಲ್ಲ. ಬ್ರಿಡ್ಜಿಗೆ ಬಂದಮೇಲೂ ಅದೇ ಅಭ್ಯಾಸ. "ನಿಮ್ಮ ಪಾರ್ಟ್‌ನರ್ ಎರಡು ಕ್ಲಬ್ (ಕಳಾವರ್) ಅಂದ್ರಲ್ಲ, ಹಾಗಂದ್ರೇನು?" ಅಂತ ಎದುರಿನವರು ಕೇಳಿದರೆ "ಅದನ್ಯಾಕೆ ಹೇಳ್ಬೇಕು?" ಅನ್ನುತ್ತಾರೆ. ಹೇಳಲೇಬೇಕು. ಬ್ರಿಡ್ಜಿನಲ್ಲಿ ಗುಟ್ಟಾಗಿರುವುದು ನಿಮ್ಮ ಕೈಯಲ್ಲಿರುವ 13 ಎಲೆ ಮಾತ್ರ. ನೀವಿಬ್ಬರೂ ಮಾಡಿಕೊಂಡ ಒಪ್ಪಂದ ಟೇಬಲ್ಲಿನ ನಾಲ್ಕೂ ಜನಕ್ಕೆ ಗೊತ್ತಿರಬೇಕು.

ಹೇಳುವವರು ಯಾರು? ಬಿಡ್ ಹಾಕಿದವರಲ್ಲ, ಅವರ ಪಾರ್ಟ್‌ನರ್. 2017ರ ಡ್ಯೂಪ್ಲಿಕೇಟ್ ಬ್ರಿಡ್ಜ್ ನಿಯಮಗಳಲ್ಲಿ 20ನೆಯದು ಇದನ್ನೇ ಹೇಳುತ್ತದೆ. ಕಾರಣ ಸುಲಭ. ಬಿಡ್ ಹಾಕಿದವರೇ ವಿವರಿಸಿದರೆ ಪಾರ್ಟ್‌ನರ್‌ಗೂ ಪಾಠ ಆಗಿಬಿಡುತ್ತದೆ, ಅಲ್ವಾ? ಮಾಮೂಲಿ ಅರ್ಥ ಇಲ್ಲದ ಬಿಡ್ ಬಂದಾಗ ಪಾರ್ಟ್‌ನರ್ ಅಲರ್ಟ್ ಕಾರ್ಡ್ ತೋರಿಸಬೇಕು. ಯಾವ ಬಿಡ್‌ಗೆ ಅಲರ್ಟ್ ಬೇಕು ಅನ್ನುವುದನ್ನು ಆಟ ನಡೆಸುವವರು ತೀರ್ಮಾನಿಸುತ್ತಾರೆ. ಬೇರೆ ಊರಿಗೆ ಆಡಲು ಹೋದರೆ ಮೊದಲೇ ಕೇಳಿಕೊಳ್ಳಿ.

ಕೇಳುವವರು ತಮ್ಮ ಸರದಿ ಬಂದಾಗಲೇ ಕೇಳಬೇಕು. ಅದೂ ತಮಗೆ ತಿಳಿಯಬೇಕು ಅಂತ ಇದ್ದರೆ ಮಾತ್ರ, ಪಾರ್ಟ್‌ನರ್ ಕಿವಿಗೆ ಬೀಳಲಿ ಅಂತ ಅಲ್ಲ. ಬಿಡ್ಡಿಂಗ್ ಮುಗಿದು ಆಟ ಶುರುವಾಗುವಾಗ ಮೊದಲ ಎಲೆಯನ್ನು ಮಗುಚಿ ಇಡುವುದೂ ಇದಕ್ಕಾಗಿಯೇ. ಅದನ್ನು ತೆರೆಯುವ ಮುಂಚೆ ನಿಮ್ಮ ಪಾರ್ಟ್‌ನರ್ ಕೂಡ ಕೇಳಬಹುದು.

ಉತ್ತರ ಕೊಡುವಾಗ ಹೆಸರು ಹೇಳಿ ಕೈತೊಳೆದುಕೊಳ್ಳಬೇಡಿ. "ಟ್ರಾನ್ಸ್‌ಫರ್" ಅಂದರೆ ಹೊಸಬರಿಗೆ ಏನು ತಿಳಿಯುತ್ತದೆ? ಡೈಮಂಡ್ ಅಂತ ಹೇಳಿ ಹಾರ್ಟ್ಸ್ ಇದೆ ಅಂತ ಸೂಚಿಸುವಂಥ ಬಿಡ್ ಅದು, ಆಗ ಪಾರ್ಟ್‌ನರ್ ಹಾರ್ಟ್ಸ್ ಹಾಕುತ್ತಾರೆ. "ಹಾರ್ಟ್ಸ್ ಕನಿಷ್ಠ ಐದು ಎಲೆ, ಪಾಯಿಂಟ್ ಎಷ್ಟು ಬೇಕಾದರೂ ಇರಬಹುದು" ಅನ್ನಿ. (ಪಾಯಿಂಟ್ ಅಂದರೆ ಎಕ್ಕ, ರಾಜ, ರಾಣಿ, ಗುಲಾಮಕ್ಕೆ ಎಣಿಸುವ ಅಂಕ.) ಒಪ್ಪಂದವೇ ಇಲ್ಲದಿದ್ದರೆ "ಇದನ್ನು ನಾವು ಮಾತಾಡಿಕೊಂಡಿಲ್ಲ" ಅಂದರೆ ಸಾಕು. "ನಾನು ಹೀಗೆ ಅಂದ್ಕೋತೀನಿ" ಅಂತ ಸೇರಿಸಬೇಡಿ. ಅದು ಎದುರಿನವರಿಗಿಂತ ಜಾಸ್ತಿ ನಿಮ್ಮ ಪಾರ್ಟ್‌ನರ್‌ಗೇ ಉಪಯೋಗ.

ಒಪ್ಪಂದ ಬೇರೆ, ಕೈ ಬೇರೆ. ಇದು ನನಗೆ ಅರ್ಥ ಆಗಿದ್ದು ಒಂದು ಬೋರ್ಡ್ (ಒಂದು ಸಲ ಹಂಚಿದ ಆಟ) ಕೆಡಿಸಿಕೊಂಡ ಮೇಲೆ. ನಮ್ಮ ಯಜಮಾನರೇ ನನ್ನ ಪಾರ್ಟ್‌ನರ್. ಅವರು ಒನ್ ನೋ ಟ್ರಂಪ್ (ತುರುಪಿಲ್ಲದ ಆಟ) ಅಂದರು, 15ರಿಂದ 17 ಪಾಯಿಂಟ್. ನನ್ನ ಕೈಯಲ್ಲಿ ಡೈಮಂಡ್ಸ್ ಆರೆಲೆ, ರಾಜ, ಗುಲಾಮ, ಹತ್ತು ಸೇರಿ. ಹಾರ್ಟ್ಸ್ ಎಂಟು ಮತ್ತು ನಾಲ್ಕು, ಅಷ್ಟೇ. ಎರಡು ಡೈಮಂಡ್ ಹಾಕಿ ಅಲ್ಲೇ ನಿಲ್ಲಿಸೋಣ ಅಂದುಕೊಂಡೆ. ಅವರು ಅಲರ್ಟ್ ಕಾರ್ಡ್ ಎತ್ತಿದರು. ಎದುರಿನವರು ಕೇಳಿದರು. "ಹಾರ್ಟ್ಸ್ ಐದು ಎಲೆ" ಅಂತ ಹೇಳಿ ಎರಡು ಹಾರ್ಟ್ ಇಟ್ಟರು. ಆಗ ನೆನಪಾಯಿತು, ಎರಡು ಡೈಮಂಡ್ ಅಂದರೆ ನಮ್ಮದು ಟ್ರಾನ್ಸ್‌ಫರ್. ಮರೆತವಳು ನಾನು.

ಮೂರು ಡೈಮಂಡ್ ಹಾಕಿ ಬಚಾವಾಗಬೇಕು ಅಂತ ಕೈ ಬಿಡ್ಡಿಂಗ್ ಬಾಕ್ಸಿನ ತನಕ ಹೋಯಿತು. ಆದರೆ ತಪ್ಪು ನನಗೆ ಹೊಳೆದದ್ದು ಅವರ ವಿವರಣೆ ಕೇಳಿ. ಅದನ್ನು ನಾನು ಬಳಸುವ ಹಾಗಿಲ್ಲ. ಅವರ ಮಾತು ಕೇಳಿಸದೇ ಇದ್ದಿದ್ದರೆ ಅವರಿಗೇ ಹಾರ್ಟ್ಸ್ ಚೆನ್ನಾಗಿದೆ ಅಂತ ತಿಳಿದು ಪಾಸ್ ಮಾಡುತ್ತಿದ್ದೆ. ಪಾಸ್ ಮಾಡಿದೆ. ಡಮ್ಮಿಯಾದ ನಾನು ನನ್ನ ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಇಳಿಸಿದಾಗ ಎದುರಿನವರು ಆ ಎರಡು ಹಾರ್ಟ್ಸನ್ನೇ ನೋಡುತ್ತಿದ್ದರು. ತೀರ್ಪು ಕೊಡುವ ಡೈರೆಕ್ಟರ್ ಬಂದು, ನಮ್ಮ ಒಪ್ಪಂದಗಳನ್ನು ಬರೆದಿಟ್ಟ ಕನ್ವೆನ್ಷನ್ ಕಾರ್ಡ್ ನೋಡಿದರು. ಟ್ರಾನ್ಸ್‌ಫರ್ ಅಂತ ಬರೆದಿತ್ತು. ವಿವರಣೆ ಸರಿ, ಬಿಡ್ ತಪ್ಪು. ಹಾಗಾಗಿ ಎದುರಿನವರಿಗೆ ಪರಿಹಾರ ಇಲ್ಲ. ಮೂರು ಟ್ರಿಕ್ ಕಮ್ಮಿ ಬಿತ್ತು, ಮೈನಸ್ 150.

ವಿವರಣೆಯೇ ತಪ್ಪಾಗಿದ್ದರೆ ಕಥೆ ಬೇರೆ. ಪಾರ್ಟ್‌ನರ್ ತಪ್ಪು ಹೇಳುತ್ತಿದ್ದಾರೆ ಅಂತ ಗೊತ್ತಾದರೂ ಬಿಡ್ಡಿಂಗ್ ನಡೆಯುವಾಗ ತುಟಿ ಬಿಚ್ಚಬೇಡಿ, ಹುಬ್ಬೂ ಏರಿಸಬೇಡಿ. ಕಾಂಟ್ರಾಕ್ಟ್ (ಕೊನೆಗೆ ನಿಂತ ಬಿಡ್) ನಿಮ್ಮದಾದರೆ ಕೊನೆಯ ಪಾಸ್ ಆದಮೇಲೆ, ಮೊದಲ ಎಲೆ ಬೀಳುವ ಮುಂಚೆ, ಡೈರೆಕ್ಟರನ್ನು ಕರೆದು ಸರಿಯಾದ ಅರ್ಥ ಹೇಳಿ. ನೀವು ಡಿಫೆನ್ಸ್‌ನಲ್ಲಿದ್ದರೆ (ಕಾಂಟ್ರಾಕ್ಟ್ ಎದುರಿನವರದಾದರೆ) ಆಟ ಮುಗಿಯುವವರೆಗೆ ಕಾಯಬೇಕು. ಮುಂಚೆ ಹೇಳಿದರೆ ಪಾರ್ಟ್‌ನರ್‌ಗೆ ಸುಳಿವು ಕೊಟ್ಟಂತೆ. ವಿವರಣೆ ಕೊಟ್ಟವರು ನೀವೇ ಆಗಿದ್ದು, ತಪ್ಪು ನಿಮಗೇ ಹೊಳೆದರೆ ಸುಮ್ನೆ ಕೂರಬೇಡಿ, ಡೈರೆಕ್ಟರನ್ನು ಕರೆಯಿರಿ.

ಗಂಡ ಹೆಂಡತಿ, ಅಣ್ಣ ತಮ್ಮ, ಹಳೇ ಸ್ನೇಹಿತರು ಜೋಡಿಯಾಗಿ ಆಡುವವರಿಗೆ ಇನ್ನೊಂದು ಮಾತು. ಬಾಯಿಬಿಟ್ಟು ಮಾತಾಡಿಕೊಂಡಿದ್ದು ಮಾತ್ರ ಒಪ್ಪಂದ ಅಲ್ಲ. ಜೊತೆಗೆ ಆಡಿ ಆಡಿ ತಿಳಿದುಕೊಂಡದ್ದೂ ಒಪ್ಪಂದವೇ. ನಮ್ಮ ಕಾರ್ಡಿನಲ್ಲಿ ವೀಕ್ ಟು (ಕಡಿಮೆ ಪಾಯಿಂಟ್ ಇಟ್ಟುಕೊಂಡು ಎರಡರಿಂದ ಶುರುಮಾಡುವ ಬಿಡ್) ಅಂದರೆ ಆರು ಎಲೆ ಅಂತಿತ್ತು. ಆದರೆ ಮೂರನೇ ಕೈಯಲ್ಲಿ ಕೂತಾಗ, ಅಂದರೆ ಮೊದಲ ಇಬ್ಬರು ಪಾಸ್ ಮಾಡಿದಮೇಲೆ, ಯಜಮಾನರು ಐದೆಲೆಗೂ ಹಾಕಿಬಿಡುತ್ತಾರೆ. ನನಗದು ಗೊತ್ತು, ಎದುರಿನವರಿಗೆ ಗೊತ್ತಿಲ್ಲ. "ಆರು ಎಲೆ" ಅಂತ ಎಷ್ಟೋ ಶನಿವಾರ ಹೇಳಿದ್ದೇನೆ. ಸುಳ್ಳು ಅನ್ನಿಸಿರಲಿಲ್ಲ, ಆದರೆ ಪೂರ್ತಿ ನಿಜವೂ ಆಗಿರಲಿಲ್ಲ. ಅದು ಚುಚ್ಚತೊಡಗಿತು. ಒಂದು ಭಾನುವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಇಬ್ಬರ ಕಾರ್ಡನ್ನೂ ಪಕ್ಕಪಕ್ಕ ಇಟ್ಟು, ಒಂದೊಂದೇ ಸಾಲು ಹೋಲಿಸಿದೆವು. ಎರಡರಲ್ಲೂ ಪೆನ್ಸಿಲಿನಲ್ಲಿ ಸೇರಿಸಿದೆವು: "ಮೂರನೇ ಕೈಯಲ್ಲಿ 5 ಎಲೆಯೂ ಇರಬಹುದು."