ಮನೆಯಲ್ಲೇ ಸಿಎನ್‌ಸಿ ಯಂತ್ರ: ಚೌಕಟ್ಟಿನಿಂದ ಮೊದಲ ಕೊರೆತದವರೆಗೆ

ಸಿಎನ್‌ಸಿ ಯಂತ್ರವನ್ನು, ಅಂದರೆ ಕಂಪ್ಯೂಟರಿನ ಆದೇಶದಂತೆ ತಾನೇ ಚಲಿಸಿ ಕೊರೆಯುವ ಯಂತ್ರವನ್ನು, ಮೊದಲ ಸಲ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೋಟಾರು, ಕಂಟ್ರೋಲರ್ ಬೋರ್ಡು, ಸಾಫ್ಟ್‌ವೇರ್‌ಗಳ ಹುಡುಕಾಟದಿಂದ ಆರಂಭಿಸುತ್ತಾರೆ. ಚೌಕಟ್ಟು ಕೊನೆಗೆ ಹೇಗಾದರೂ ಆದೀತು ಎಂದುಕೊಳ್ಳುತ್ತಾರೆ. ಈ ಕ್ರಮ ತಲೆಕೆಳಗಾದದ್ದು. ಬೋರ್ಡನ್ನು ಒಂದು ಸಂಜೆಯಲ್ಲಿ ಬದಲಿಸಬಹುದು, ಸೆಟ್ಟಿಂಗನ್ನು ಒಂದು ನಿಮಿಷದಲ್ಲಿ ತಿದ್ದಬಹುದು. ಬಾಗುವ ಚೌಕಟ್ಟನ್ನು ಮಾತ್ರ ಯಾವ ಸಾಫ್ಟ್‌ವೇರೂ ನೆಟ್ಟಗೆ ಮಾಡಲಾರದು. ಇಲ್ಲಿ ವಿವರಿಸುತ್ತಿರುವುದು ಮರ, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಮತ್ತು ಪ್ಲಾಸ್ಟಿಕ್ ಹಾಳೆಗಳನ್ನು ಕೊರೆಯಬಲ್ಲ, ಮೂರು ಅಕ್ಷಗಳ, ಸುಮಾರು 300ರಿಂದ 400 ಮಿ.ಮೀ. ಚಲನೆಯುಳ್ಳ ರೂಟರ್ ಬಗೆಯ ಯಂತ್ರವನ್ನು. ಮೊದಲ ಯಂತ್ರಕ್ಕೆ ಈ ಅಳತೆ ಧಾರಾಳವಾಗಿ ಸಾಕು.

ಅಳತೆಯನ್ನು ಹಿಗ್ಗಿಸುವ ಆಸೆಯನ್ನು ಏಕೆ ತಡೆಯಬೇಕೆಂಬುದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಎರಡು ತುದಿಗಳಲ್ಲಿ ಆಧಾರವಿರುವ ತೊಲೆಯ ಉದ್ದ ಇಮ್ಮಡಿಯಾದರೆ, ನಡುವೆ ಬೀಳುವ ಅದೇ ಭಾರಕ್ಕೆ ಅದು 8 ಪಟ್ಟು ಹೆಚ್ಚು ಬಾಗುತ್ತದೆ. ದುಂಡು ಸರಳಿನ ವ್ಯಾಸ ಇಮ್ಮಡಿಯಾದರೆ ಬಾಗು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ 8 ಮಿ.ಮೀ. ಸರಳುಗಳ ಮೇಲೆ ಸ್ಪಿಂಡಲ್ (ಕಟ್ಟರನ್ನು ತಿರುಗಿಸುವ ಮೋಟಾರು) ಓಡಿಸುವ ಯೋಚನೆಯನ್ನು ಬಿಟ್ಟು, ಕನಿಷ್ಠ 16 ಮಿ.ಮೀ. ಸರಳುಗಳನ್ನೋ, ಉದ್ದಕ್ಕೂ ಅಡಿಯಿಂದ ಆಧಾರವಿರುವ ರೈಲುಗಳನ್ನೋ ಆರಿಸಿಕೊಳ್ಳುವುದು ಒಳ್ಳೆಯದು. ಚೌಕಟ್ಟಿಗೆ ಅಲ್ಯೂಮಿನಿಯಂ ಎಕ್ಸ್‌ಟ್ರೂಷನ್ ಅನುಕೂಲಕರ, 18 ಮಿ.ಮೀ. ಪ್ಲೈವುಡ್ಡನ್ನು ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಂತೆ ಅಂಟಿಸಿ ತಿರುಪು ಬಿಗಿದರೂ ನಡೆಯುತ್ತದೆ, ಏಕೆಂದರೆ ಮುಚ್ಚಿದ ಪೆಟ್ಟಿಗೆ ತಿರುಚುವ ಬಲವನ್ನು ತೆರೆದ ಹಲಗೆಗಿಂತ ಬಹಳ ಚೆನ್ನಾಗಿ ತಡೆಯುತ್ತದೆ. ಕಟ್ಟರ್‌ನ ತುದಿಯಲ್ಲಿ ಹುಟ್ಟುವ ಬಲ ಸನ್ನೆಗೋಲಿನಂತೆ ಗ್ಯಾಂಟ್ರಿಯನ್ನು, ಅಂದರೆ ಸ್ಪಿಂಡಲ್ ಹೊತ್ತು ರೈಲುಗಳ ಮೇಲೆ ಸರಿಯುವ ಅಡ್ಡಸೇತುವೆಯನ್ನು, ತಿರುಚಲು ನೋಡುತ್ತದೆ. ಹಾಗಾಗಿ ಮೇಲೆ–ಕೆಳಗೆ ಚಲಿಸುವ ಜಡ್ ಅಕ್ಷದ ಇಳಿತವನ್ನು 60–80 ಮಿ.ಮೀ.ಗೆ ಸೀಮಿತಗೊಳಿಸಿದಷ್ಟೂ ಕೆಲಸ ನಯವಾಗುತ್ತದೆ.

ಜೋಡಣೆಯಲ್ಲಿ ಎಲ್ಲ ಬೋಲ್ಟುಗಳನ್ನೂ ಮೊದಲು ಅರೆಬಿಗಿಯಾಗಿಡಬೇಕು. ತಳದ ಚೌಕಟ್ಟಿನ ಎರಡು ಕರ್ಣಗಳನ್ನು ಅಳೆದು, ಅವು ಸಮವಾಗುವವರೆಗೆ ಮೂಲೆಗಳನ್ನು ಮೆಲ್ಲಗೆ ತಟ್ಟಿ, ಆಮೇಲೆ ಬಿಗಿಯಬೇಕು. ಎರಡು ರೈಲುಗಳ ನಡುವಿನ ಅಂತರ ಒಂದು ತುದಿಯಿಂದ ಇನ್ನೊಂದು ತುದಿಗೆ ಬದಲಾಗಬಾರದು. ಇದನ್ನು ಅಳತೆಪಟ್ಟಿಗಿಂತ ಕೈಯೇ ಚೆನ್ನಾಗಿ ಹೇಳುತ್ತದೆ: ಮೋಟಾರು ಜೋಡಿಸುವ ಮೊದಲು ಗ್ಯಾಂಟ್ರಿಯನ್ನು ಒಂದೇ ಬೆರಳಿನಿಂದ ತಳ್ಳಿದಾಗ ಅದು ಎಲ್ಲೂ ಎಳೆದಂತಾಗದೆ ಕೊನೆಯವರೆಗೆ ಸರಿಯಬೇಕು. ನಡುವೆ ಎಲ್ಲಾದರೂ ಬಿಗಿಯಾದರೆ ರೈಲುಗಳು ಸಮಾನಾಂತರವಾಗಿಲ್ಲ ಎಂದೇ ಅರ್ಥ. ಶಕ್ತಿಶಾಲಿ ಮೋಟಾರು ಹಾಕಿ ಅದನ್ನು ಮರೆಮಾಡಿದರೆ ಬೇರಿಂಗು ಬೇಗ ಸವೆಯುತ್ತದೆ.

ಚಲನೆಗೆ ಮೇಜಿನ ಉದ್ದಗಲದಲ್ಲಿ ಸರಿಯುವ ಎಕ್ಸ್ ಮತ್ತು ವೈ ಅಕ್ಷಗಳಲ್ಲಿ ಒಂದು ಸುತ್ತಿಗೆ 8 ಮಿ.ಮೀ. ಸಾಗಿಸುವ, 8 ಮಿ.ಮೀ. ವ್ಯಾಸದ ಟಿ8 ಸ್ಕ್ರೂ ಬಳಸಬಹುದು. ಜಡ್ ಅಕ್ಷಕ್ಕೆ ಮಾತ್ರ ಒಂದು ಸುತ್ತಿಗೆ 2 ಮಿ.ಮೀ. ಸಾಗಿಸುವ ಸ್ಕ್ರೂ ಮೇಲು, ಏಕೆಂದರೆ ವಿದ್ಯುತ್ ನಿಂತಾಗ ಮೊದಲನೆಯ ಬಗೆಯಲ್ಲಿ ಭಾರವಾದ ಸ್ಪಿಂಡಲ್ ತಾನೇ ಕೆಳಗೆ ಜಾರಿಬಿಡಬಹುದು. ನಟ್ಟಿನ ಸಡಿಲಿನಿಂದ ದಿಕ್ಕು ಬದಲಾದಾಗ ಆಗುವ ಚಲನೆಯ ನಷ್ಟವನ್ನು ಬ್ಯಾಕ್‌ಲ್ಯಾಶ್ ಎನ್ನುತ್ತಾರೆ. ಸ್ಪ್ರಿಂಗ್ ಒತ್ತಡವಿರುವ ಜೋಡಿ ನಟ್ಟು ಇದನ್ನು ಬಹುಮಟ್ಟಿಗೆ ಕಡಿಮೆ ಮಾಡುತ್ತದೆ.

ಎಲೆಕ್ಟ್ರಾನಿಕ್ಸ್ ಭಾಗ ಕಾಣುವಷ್ಟು ಕಠಿಣವಲ್ಲ. ಆರ್ಡುಯಿನೊ ಉನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡು, ಅದರ ಮೇಲೆ ಕೂರುವ ಸಿಎನ್‌ಸಿ ಶೀಲ್ಡ್ ಎಂಬ ಜೋಡಣೆ ಬೋರ್ಡು, ಮೋಟಾರುಗಳಿಗೆ ಕರೆಂಟು ಕೊಡುವ ಮೂರು ಎ4988 ಡ್ರೈವರ್‌ಗಳು, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೂರು ನೆಮಾ 17 ಸ್ಟೆಪರ್ ಮೋಟಾರುಗಳು, 24 ವೋಲ್ಟ್ ವಿದ್ಯುತ್ ಸರಬರಾಜು: ಇಷ್ಟರಲ್ಲಿ ಸಣ್ಣ ಯಂತ್ರ ಓಡುತ್ತದೆ. ಡ್ರೈವರ್ ಮೇಲಿನ ಪುಟ್ಟ ತಿರುಪಿನಿಂದ ಕರೆಂಟಿನ ಮಿತಿಯನ್ನು ಹೊಂದಿಸುವ ಹಂತವನ್ನು ಯಾರೂ ಬಿಡಬಾರದು. ಎ4988ರಲ್ಲಿ ಹೊಂದಿಸಬೇಕಾದ ವೋಲ್ಟೇಜ್ ಎಂದರೆ ಬೇಕಾದ ಕರೆಂಟ್ × 8 × ಸೆನ್ಸ್ ರೆಸಿಸ್ಟರ್ (ಕರೆಂಟನ್ನು ಅಳೆಯಲು ಡ್ರೈವರ್ ಮೇಲಿರುವ ರೆಸಿಸ್ಟರ್‌ನ ಓಮ್ ಮೌಲ್ಯ), 0.1 ಓಮ್ ರೆಸಿಸ್ಟರ್ ಇರುವ ಬೋರ್ಡಿನಲ್ಲಿ 1 ಆಂಪಿಯರ್‌ಗೆ 0.8 ವೋಲ್ಟ್ ಬರುತ್ತದೆ. ಎಲ್ಲ ಬೋರ್ಡುಗಳಲ್ಲೂ ಒಂದೇ ರೆಸಿಸ್ಟರ್ ಇರುವುದಿಲ್ಲವಾದ್ದರಿಂದ ಅದರ ಮೇಲಿನ ಗುರುತನ್ನು ಓದಿಯೇ ಲೆಕ್ಕ ಹಾಕಬೇಕು. ವಿದ್ಯುತ್ ಹರಿಯುತ್ತಿರುವಾಗ ಮೋಟಾರಿನ ತಂತಿಯನ್ನು ಕೀಳಬಾರದು, ಡ್ರೈವರ್ ಆ ಕ್ಷಣವೇ ಸುಟ್ಟುಹೋಗಬಹುದು. ಸ್ಪಿಂಡಲ್‌ನ ಕೇಬಲ್ಲನ್ನು ಅಕ್ಷ ತುದಿ ತಲುಪಿದ್ದನ್ನು ತಿಳಿಸುವ ಲಿಮಿಟ್ ಸ್ವಿಚ್ಚಿನ ತಂತಿಗಳಿಂದ ದೂರವಿಡಬೇಕು. ಕಾರಣವಿಲ್ಲದೆ ಯಂತ್ರ ನಡುವೆ ನಿಂತುಬಿಡುವ ದೂರುಗಳಲ್ಲಿ ಹೆಚ್ಚಿನವು ಈ ಎರಡೂ ಒಂದೇ ಕಟ್ಟಿನಲ್ಲಿ ಸಾಗುವುದರಿಂದ ಹುಟ್ಟುತ್ತವೆ. ಸ್ಪಿಂಡಲ್ ಹಾಗೂ ಮೋಟಾರು ಎರಡರ ವಿದ್ಯುತ್ತನ್ನೂ ಕಡಿಯುವ ತುರ್ತು ನಿಲುಗಡೆಯ ಗುಂಡಿ ಕೈಗೆಟುಕುವ ಜಾಗದಲ್ಲಿರಬೇಕು.

ಆರ್ಡುಯಿನೊಗೆ ತುಂಬಬೇಕಾದ ತಂತ್ರಾಂಶ ಜಿಆರ್‌ಬಿಎಲ್. ಇದನ್ನು 2009ರಲ್ಲಿ ಸಿಮೆನ್ ಸ್ವಾಲೆ ಸ್ಕೊಗ್ಸ್‌ರುಡ್ ಆರಂಭಿಸಿದರು. ಇದು ಮುಕ್ತವಾಗಿ ದೊರೆಯುತ್ತದೆ. 1.1 ಆವೃತ್ತಿಯಲ್ಲಿ ಕಂಪ್ಯೂಟರಿನೊಂದಿಗಿನ ಸಂಪರ್ಕದ ವೇಗ 115200 ಬಾಡ್. ಸೆಟ್ಟಿಂಗುಗಳಲ್ಲಿ ಮೊದಲು ಹೊಂದಿಸಬೇಕಾದದ್ದು ಒಂದು ಮಿಲಿಮೀಟರಿಗೆ ಎಷ್ಟು ಹೆಜ್ಜೆ ಎಂಬುದನ್ನು. $100, $101, $102 ಕ್ರಮವಾಗಿ ಮೂರು ಅಕ್ಷಗಳಿಗೆ ಸೇರಿದವು. 1.8 ಡಿಗ್ರಿಯ ಮೋಟಾರಿಗೆ ಒಂದು ಸುತ್ತಿಗೆ 200 ಹೆಜ್ಜೆ, 16ರ ಮೈಕ್ರೊಸ್ಟೆಪ್ಪಿಂಗ್‌ನಲ್ಲಿ, ಅಂದರೆ ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಪಾಲು ಮಾಡಿದಾಗ, 3200. ಅದನ್ನು 8ರಿಂದ ಭಾಗಿಸಿದರೆ ಎಕ್ಸ್, ವೈಗೆ 400, 2ರಿಂದ ಭಾಗಿಸಿದರೆ ಜಡ್‌ಗೆ 1600. ಯಂತ್ರ 100 ಮಿ.ಮೀ. ಬದಲು 99.6 ಸಾಗಿತು ಎಂದು ಕಂಡೊಡನೆ ಈ ಸಂಖ್ಯೆಯನ್ನು ತಿದ್ದುವುದು ಬಹುಮಂದಿ ಮಾಡುವ ತಪ್ಪು. ಒಂದೇ ದಿಕ್ಕಿನಿಂದ ಬಂದು, ಸಾಧ್ಯವಾದಷ್ಟು ಉದ್ದ ದೂರವನ್ನು ಅಳೆದು ನೋಡಬೇಕು. 50 ಮಿ.ಮೀ.ಗೂ 300 ಮಿ.ಮೀ.ಗೂ ವ್ಯತ್ಯಾಸ ಒಂದೇ ಆಗಿದ್ದರೆ ದೋಷ ಬ್ಯಾಕ್‌ಲ್ಯಾಶ್‌ನದ್ದು ಅಥವಾ ಕಟ್ಟರ್‌ನ ವ್ಯಾಸದ್ದು. ದೂರಕ್ಕೆ ತಕ್ಕಂತೆ ಹೆಚ್ಚುತ್ತ ಹೋದರೆ ಮಾತ್ರ ಹೆಜ್ಜೆಯ ಸಂಖ್ಯೆಯನ್ನು ಮುಟ್ಟಬೇಕು.

ಗರಿಷ್ಠ ವೇಗಗಳು $110ರಿಂದ $112, ವೇಗವರ್ಧನೆಗಳು $120ರಿಂದ $122. ಉನೊ ಮೇಲೆ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಹೆಜ್ಜೆಗಳವರೆಗೆ ಕಳುಹಿಸಬಲ್ಲದು, ಅಂದರೆ 400 ಹೆಜ್ಜೆಯ ಅಕ್ಷಕ್ಕೆ ಲೆಕ್ಕದಲ್ಲಿ ನಿಮಿಷಕ್ಕೆ 4500 ಮಿ.ಮೀ. ಮೋಟಾರು ಅಷ್ಟು ಓಡಲಾರದು. ನಿಮಿಷಕ್ಕೆ 1000ದಿಂದ ಆರಂಭಿಸಿ, ಹೆಜ್ಜೆ ತಪ್ಪುವ ಗರಗರ ಸದ್ದು ಕೇಳುವವರೆಗೆ ಏರಿಸಿ, ಅಲ್ಲಿಂದ ಕಾಲು ಭಾಗ ಇಳಿಸಿದರೆ ನಂಬಬಹುದಾದ ಮೌಲ್ಯ ಸಿಗುತ್ತದೆ. $1ಕ್ಕೆ 255 ಕೊಟ್ಟರೆ ನಿಂತಾಗಲೂ ಮೋಟಾರುಗಳು ಜಾಗವನ್ನು ಬಿಗಿಯಾಗಿ ಹಿಡಿದಿರುತ್ತವೆ.

ಸ್ಪಿಂಡಲ್ ತಿರುಗಿಸುವ ಮೊದಲು ಅದರ ಜಾಗದಲ್ಲಿ ಒಂದು ಪೆನ್ನು ಕಟ್ಟಿ ಕಾಗದದ ಮೇಲೆ 200 ಮಿ.ಮೀ. ಚೌಕವನ್ನೂ ಅದರೊಳಗೆ ಒಂದು ವೃತ್ತವನ್ನೂ ಬರೆಸಬೇಕು. ಇಷ್ಟು ಅಗ್ಗದಲ್ಲಿ ಇಷ್ಟು ಸತ್ಯ ಹೇಳುವ ಪರೀಕ್ಷೆ ಬೇರೆ ಇಲ್ಲ. ಚೌಕದ ಕರ್ಣಗಳು ಬೇರೆಬೇರೆಯಾದರೆ ಎಕ್ಸ್ ಮತ್ತು ವೈ ಲಂಬವಾಗಿಲ್ಲ, ಗ್ಯಾಂಟ್ರಿಯನ್ನು ಸಡಿಲಿಸಿ ಕೂರಿಸಬೇಕು. ವೃತ್ತ ನಾಲ್ಕು ದಿಕ್ಕುಗಳಲ್ಲಿ ಚಪ್ಪಟೆಯಾಗಿ ಕಂಡರೆ ಅದು ಬ್ಯಾಕ್‌ಲ್ಯಾಶ್, ಏಕೆಂದರೆ ಅಕ್ಷವೊಂದು ದಿಕ್ಕು ಬದಲಿಸುವುದು ಸರಿಯಾಗಿ ಅಲ್ಲಿಯೇ. ಗೆರೆ ಆರಂಭಿಸಿದ ಬಿಂದುವಿಗೆ ಮರಳಿ ಸೇರದಿದ್ದರೆ, ಮತ್ತು ಪ್ರತಿ ಸುತ್ತಿಗೂ ಅಂತರ ಬೆಳೆಯುತ್ತಿದ್ದರೆ, ಹೆಜ್ಜೆಗಳು ತಪ್ಪುತ್ತಿವೆ; ಕರೆಂಟನ್ನೂ ವೇಗವರ್ಧನೆಯನ್ನೂ ಮತ್ತೆ ನೋಡಬೇಕು. ಅಕ್ಷ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿ ಓಡಿದರೆ $3 ಸೆಟ್ಟಿಂಗನ್ನು ಬದಲಿಸಿದರೆ ಸಾಕು, ತಂತಿ ಬದಲಿಸಬೇಕಿಲ್ಲ.

ಪೆನ್ನಿನ ಪರೀಕ್ಷೆ ಮುಗಿದ ಮೇಲೆ ಎಂಡಿಎಫ್ ಹಲಗೆಯೊಂದನ್ನು ಮೇಜಿನ ಮೇಲೆ ಬಿಗಿದು, ಅಗಲ ಕಟ್ಟರ್‌ನಿಂದ ಅದರ ಮೇಲ್ಮೈಯನ್ನು ಒಂದು ಪದರ ಸವರಿ ತೆಗೆಯಬೇಕು. ಇದರಿಂದ ಮೇಜು ಯಂತ್ರದ ಚಲನೆಗೇ ಸಮತಲವಾಗುತ್ತದೆ. ಸವರಿದ ಸಾಲುಗಳ ನಡುವೆ ಬೆರಳಿಗೆ ಮೆಟ್ಟಿಲು ತಾಗಿದರೆ ಸ್ಪಿಂಡಲ್ ವಾಲಿದೆ. ಅದರ ಹಿಂದೆ ತೆಳು ಹಾಳೆಯ ಚೂರು ಕೊಟ್ಟು ಸರಿಪಡಿಸಬೇಕು.

ಮೊದಲ ಕೊರೆತದ ವೇಗವನ್ನು ಊಹಿಸಬೇಕಾಗಿಲ್ಲ. ನಿಮಿಷದ ಸುತ್ತು × ಕಟ್ಟರ್‌ನ ಹಲ್ಲು × ಪ್ರತಿ ಹಲ್ಲು ತೆಗೆಯುವ ಚೂರಿನ ದಪ್ಪ. 10,000 ಸುತ್ತು, 2 ಹಲ್ಲು, 0.05 ಮಿ.ಮೀ. ಆದರೆ ನಿಮಿಷಕ್ಕೆ 1000 ಮಿ.ಮೀ. ಹೊಸಬರು ಹೆದರಿ ತೀರಾ ನಿಧಾನಕ್ಕೆ ಓಡಿಸುತ್ತಾರೆ. ಆಗ ಹಲ್ಲು ಕತ್ತರಿಸುವ ಬದಲು ಉಜ್ಜುತ್ತದೆ, ಮರ ಕಪ್ಪಾಗುತ್ತದೆ, ಕೆಲವೊಮ್ಮೆ ಹೊಗೆಯೂ ಬರುತ್ತದೆ. ವೇಗ ಹಾಗೇ ಇರಲಿ, ಆಳವನ್ನು ಮಾತ್ರ 0.5 ಮಿ.ಮೀ.ಗೆ ಇಳಿಸಿ. ಯಂತ್ರಕ್ಕೆ ಕಳುಹಿಸುವ ಆದೇಶಗಳ ಕಡತದಲ್ಲಿ ಜಿ21, ಅಂದರೆ ಮಿಲಿಮೀಟರ್ ಅಳತೆ, ಇದೆಯೇ ಎಂದು ನೋಡಿ, ಕಟ್ಟರನ್ನು ಹಲಗೆಯಿಂದ 20 ಮಿ.ಮೀ. ಮೇಲೆತ್ತಿ ಶೂನ್ಯ ಗುರುತಿಸಿ ಇಡೀ ಕಾರ್ಯಕ್ರಮವನ್ನು ಗಾಳಿಯಲ್ಲೇ ಒಮ್ಮೆ ಓಡಿಸಿ. ಕ್ಲಾಂಪಿಗೆ ಬಡಿಯುವ ದಾರಿಗಳು ಆಗಲೇ ಕಾಣುತ್ತವೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲಿ, ಕೈಗವಸು ಮಾತ್ರ ಬೇಡ. ತಿರುಗುವ ಕಟ್ಟರ್ ಬಟ್ಟೆಯೊಂದಿಗೆ ಕೈಯನ್ನೂ ಎಳೆದುಕೊಳ್ಳುತ್ತದೆ. ಯಂತ್ರ ಓಡುವಾಗ ಕೋಣೆ ಬಿಟ್ಟು ಹೋಗಬಾರದು. ಮೊದಲ ನಾಲ್ಕೈದು ಗಂಟೆಗಳ ಕೆಲಸದ ನಂತರ ಎಲ್ಲ ಬೋಲ್ಟುಗಳನ್ನೂ, ವಿಶೇಷವಾಗಿ ಮೋಟಾರಿಗೂ ಸ್ಕ್ರೂಗೂ ನಡುವಿನ ಕಪ್ಲರ್‌ನ ಸಣ್ಣ ತಿರುಪುಗಳನ್ನು, ಇನ್ನೊಮ್ಮೆ ಬಿಗಿದು ಪೆನ್ನಿನ ಚೌಕವನ್ನು ಮತ್ತೆ ಬರೆಸಿ ನೋಡಿ.